ಕಟ್ಟದೆ ಉಳಿದ ಪೆಟ್ಟಿಗೆ

ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಸಿಟೌಟಿಗೆ ಬಂದ ಜುಲೈಕಾ ಬಾಗಿಲಲ್ಲೇ ನಿಂತಳು. ಅವಳ ಬೆತ್ತದ ಕುರ್ಚಿಯಲ್ಲಿ ಉಸ್ಮಾನ್ ಕುಳಿತಿದ್ದ. ಕುರ್ಚಿಯ ಎದುರು ನೆಲದ ಮೇಲೆ ಅವಳ ಬೆಕ್ಕು ಕುಂಞಿ. ಬಾಲವನ್ನು ಕಾಲಿಗೆ ಸುತ್ತಿಕೊಂಡು, ಕಣ್ಣು ಮಿಟುಕಿಸದೆ, ಗೊತ್ತಿಲ್ಲದೆ ಯಾರದೋ ಮನೆಯ ಗೇಟು ತೆರೆದು ಬಂದವರನ್ನು ನೋಡುವ ಹಾಗೆ ಅವನನ್ನು ನೋಡುತ್ತಿತ್ತು.

"ಈ ಪುಚ್ಚೆ ಯಾಕೆ ನನ್ನನ್ನು ಹೀಗೆ ನೋಡ್ತದೆ ಮಾರಾಯ್ತಿ?"

"ಅದರ ಕುರ್ಚಿ ಅದು."

"ನಿನ್ನದಲ್ಲವಾ?"

"ಕುರ್ಚಿ ಮೇಲೆ ನಾನು, ನನ್ನ ಮೇಲೆ ಅದು. ಇಬ್ಬರದ್ದೂ ಹೌದು."

"ಹಾಗಾದ್ರೆ ಇಬ್ಬರು ಹೆಂಗಸರ ಜಾಗದಲ್ಲಿ ಕೂತಿದ್ದೇನೆ ನಾನು," ಎಂದು ಉಸ್ಮಾನ್ ನಗುತ್ತ ಎದ್ದ. ಎದ್ದವನು ಒಳಗೆ ಹೋಗಲಿಲ್ಲ. ಸಿಟೌಟಿನ ಮೆಟ್ಟಿಲ ಮೇಲೆ, ಚಪ್ಪಲಿಗಳನ್ನು ಬದಿಗೆ ಸರಿಸಿ ಕುಳಿತುಕೊಂಡ.

ಬೇಡ, ಇಲ್ಲೇ ಇರಿ ಎನ್ನಬೇಕೆಂದು ಜುಲೈಕಾಳಿಗೆ ಅನಿಸಿತು. ಅಷ್ಟರಲ್ಲಿ ಕುಂಞಿ ಕುರ್ಚಿಗೆ ಹಾರಿ, ಅವಳು ಬಂದು ಕುಳಿತುಕೊಳ್ಳಲಿ ಎಂದು ಕಾಯುತ್ತಿತ್ತು. ಅವಳು ಕುಳಿತಳು. ಬೆಕ್ಕು ಮಡಿಲಲ್ಲಿ ಸುತ್ತು ಹಾಕಿ ಮಲಗಿತು.

"ಫೋನಿನಲ್ಲಿ ನನ್ನ ಜೊತೆ ಎಷ್ಟು ಚೆನ್ನಾಗಿತ್ತು," ಉಸ್ಮಾನ್ ತಿರುಗದೆಯೇ ಹೇಳಿದ. "ಕುಂಞೀ ಅಂದ್ರೆ ಸ್ಕ್ರೀನ್ ನೆಕ್ತಿತ್ತು."

"ಫೋನಿನಲ್ಲಿ ನೀವು ಇಷ್ಟು ದೊಡ್ಡ ಇರಲಿಲ್ಲ."

ಅವನು ಜೋರಾಗಿ ನಕ್ಕ. ನಗುವಾಗ ಅವನ ಹೆಗಲು ಕುಲುಕುವುದನ್ನು ಅವಳು ಹಿಂದಿನಿಂದ ನೋಡಿದಳು. ಕತ್ತಿನ ಹಿಂಭಾಗದ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇದು ಯಾವಾಗ ಆಯಿತು? ದಿನವೂ ನೋಡುತ್ತಿದ್ದ ಮುಖವೇ. ಆದರೆ ಫೋನಿನಲ್ಲಿ ಗಂಡನ ಬೆನ್ನು ಕಾಣುವುದಿಲ್ಲ.

ಉಸ್ಮಾನ್ 'ಕ್ಯಾನ್ಸಲ್' ಮಾಡಿ ಬಂದಿದ್ದ. ವೀಸಾ ರದ್ದು ಮಾಡಿಸಿ, ಇನ್ನು ಮರಳುವುದಿಲ್ಲವೆಂದು ಬರುವುದಕ್ಕೆ ಗಲ್ಫಿನವರು ಹೇಳುವ ಮಾತು ಅದು. ಮದುವೆಯಾದ ಎರಡನೇ ತಿಂಗಳಿಗೆ ಶಾರ್ಜಾಕ್ಕೆ ಹೋದವನು, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುತ್ತ, ಮಗಳು ಫಾಹಿಮಾ ಹುಟ್ಟಿ, ಓದಿ, ಮದುವೆಯಾಗಿ ಬಂಟ್ವಾಳಕ್ಕೆ ಹೋದ ಮೇಲೆ, ಈಗ ತೋಡಾರಿಗೆ ಬಂದಿದ್ದ.

ತೋಡಾರಿನದು ಜುಲೈಕಾಳ ತಾಯಿಮನೆ. ಇವರ ಕಡೆ ಗಂಡ ಹೆಂಡತಿಯ ಮನೆಗೆ ಬಂದಿರುವುದು ಹೊಸತೇನಲ್ಲ. ಆದರೆ ಬಂದವನು ಎಷ್ಟು ವರ್ಷವಾದರೂ ಪುದಿಯಾಪ್ಲೆಯೇ, ಅಂದರೆ ಹೊಸ ಅಳಿಯನೇ. ಅವನಿಗೊಂದು ಬೇರೆ ಕೋಣೆ, ಹೂವಿನ ಚಿತ್ರದ ಬೇರೆ ಗ್ಲಾಸು. ಅವನು ಹೊರಗೆ ಬಂದರೆ ಅವನ ಅತ್ತೆ, ಜುಲೈಕಾಳ ಉಮ್ಮ ಮೈಮೂನಮ್ಮ, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು. ತಾನು ಉಂಡ ತಟ್ಟೆಯನ್ನು ಅವನೇ ಎತ್ತುವ ಹಾಗಿಲ್ಲ. ರಜೆಯಲ್ಲಿ ಬರುವವನಿಗೆ ಈ ಮರ್ಯಾದೆ ಚೆಂದವೇ ಇತ್ತು. ಇರಲೆಂದೇ ಬಂದವನು ಅದರೊಳಗೆ ಎಲ್ಲಿ ಕೈಕಾಲು ಚಾಚಬೇಕು?

ಹಾಗೆ ಅವನಿಗೆ ಸಿಕ್ಕಿದ್ದು ಆ ಮೆಟ್ಟಿಲು.

ದಿನವೂ ಊಟವಾದ ಮೇಲೆ ಅವಳು ಕುರ್ಚಿಯಲ್ಲಿ, ಅವನು ಮೆಟ್ಟಿಲಲ್ಲಿ. ನಡುವೆ ಬೆಕ್ಕು. ಪಡುವಣ ಬಿಸಿಲು ಗೇಟಿನ ಕಂಬಿಗಳ ನೆರಳನ್ನು ಅಂಗಳದಲ್ಲಿ ಮೆಲ್ಲ ಎಳೆಯುತ್ತಿತ್ತು. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಬಸ್ಸುಗಳು ತಿರುವಿನಲ್ಲಿ ಹಾರ್ನ್ ಹಾಕಿದರೆ ಕುಂಞಿಯ ಒಂದು ಕಿವಿ ಮಾತ್ರ ಅತ್ತ ತಿರುಗುತ್ತಿತ್ತು.

ಉಸ್ಮಾನ್ ಬೆಕ್ಕಿಗೆ ಲಂಚ ಕೊಡಲು ಶುರು ಮಾಡಿದ. ಮೊದಲು ಬಂಗುಡೆಯ ತಲೆ. ಕುಂಞಿ ತಲೆಯನ್ನು ತಿಂದಿತು, ಅವನನ್ನು ನೋಡಲಿಲ್ಲ. ಮರುದಿನ ಒಣಗಿದ ಸಿಗಡಿ. ಅದೂ ಅಷ್ಟೆ.

"ತಿಂದು ಥ್ಯಾಂಕ್ಸ್ ಕೂಡಾ ಇಲ್ಲ. ಯಾರಿಂದ ಕಲಿತದ್ದು ಇದು?"

"ನನ್ನನ್ನು ಯಾಕೆ ನೋಡ್ತೀರಿ?"

"ಮತ್ತೆ ಯಾರನ್ನು ನೋಡ್ಬೇಕು? ಇನ್ನು ಪ್ರೇಮಾವತಿಯಕ್ಕನನ್ನು ನೋಡ್ಲಾ?"

ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ನೆರೆಮನೆಯ ಪ್ರೇಮಾವತಿ ತನ್ನ ಹೆಸರು ಕೇಳಿ ಇಣುಕಿದಳು. ಜುಲೈಕಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗು ತಡೆಯುವಾಗ ಅವನು ಅವಳ ಕಣ್ಣನ್ನೇ ನೋಡುತ್ತಿದ್ದ. ಆ ನೋಟ ಒಂದು ಗಳಿಗೆ ಹೆಚ್ಚಾಗಿಯೇ ನಿಂತಿತು. ಅವಳು ಬೆಕ್ಕಿನ ಬೆನ್ನಲ್ಲಿ ಇಲ್ಲದ ಹೇನು ಹುಡುಕತೊಡಗಿದಳು. ಅಜ್ಜಿಯಾಗುವ ವಯಸ್ಸಿನಲ್ಲಿ ಇದೇನು ಎಂದು ತನ್ನನ್ನೇ ಬೈದುಕೊಂಡರೂ ಕಿವಿಯ ಬಿಸಿ ಇಳಿಯಲಿಲ್ಲ.

ಒಂದು ದಿನ ಅವನ ಪಾದದ ಮೇಲೆ ಏನೋ ಭಾರ ಬಿತ್ತು. ನೋಡಿದರೆ ಕುಂಞಿಯ ಗಲ್ಲ. ಉಸ್ಮಾನ್ ಉಸಿರು ಬಿಗಿಹಿಡಿದು, ಕಾಲು ಮರಗಟ್ಟಿದರೂ ಅಲ್ಲಾಡದೆ, ಬರೀ ಕಣ್ಣಲ್ಲೇ ಜುಲೈಕಾಳನ್ನು ಕರೆದು ತೋರಿಸಿದ. ದೊಡ್ಡ ಗಂಡಸು, ಮುಖ ಮಾತ್ರ ಬಹುಮಾನ ಬಂದ ಹುಡುಗನದ್ದು. ಈ ಮುಖವನ್ನು ಇಷ್ಟು ವರ್ಷ ಯಾರು ನೋಡಿದರೋ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಆ ಸಂತೋಷದಲ್ಲೇ ಇರಬೇಕು, ಅವನು ಎದ್ದು ಅಡುಗೆಕೋಣೆಗೆ ಹೋದ. ಶಾರ್ಜಾದಲ್ಲಿ ಅವನದು ಕೆಫೆಟೇರಿಯಾದ ಕೆಲಸ. ಎರಡು ಗ್ಲಾಸುಗಳ ನಡುವೆ ಚಹಾವನ್ನು ಮಾರುದ್ದ ಎಳೆದು ನೊರೆ ಎಬ್ಬಿಸುವುದು ಅವನಿಗೆ ಆಟ.

"ಯಾ ಅಲ್ಲಾಹ್!" ಒಳಗಿನಿಂದ ಮೈಮೂನಮ್ಮನ ಸ್ವರ. "ಜುಲೈಕಾ, ಎಲ್ಲಿದ್ದಿ? ಪುದಿಯಾಪ್ಲೆ ಒಲೆ ಹತ್ರ ನಿಂತಿದ್ದಾನೆ! ಯಾರಾದ್ರೂ ಕಂಡ್ರೆ ನಮ್ಮ ಮುಖ ಎಲ್ಲಿ ಇಡುದು?"

ಜುಲೈಕಾ ಓಡಿದಳು. ಅಷ್ಟು ವರ್ಷ ನಿಂತೇ ದುಡಿದ ಕಾಲುಗಳು, ಇನ್ನಾದರೂ ಕೂರಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿತ್ತು. ಅವನ ಕೈಯಿಂದ ಗ್ಲಾಸು ತೆಗೆದುಕೊಂಡಳು.

"ನೀವು ಹೊರಗೆ ಕೂತ್ಕೊಳ್ಳಿ. ನಾನು ತರ್ತೇನೆ."

ಅವನು ಒಂದು ಕ್ಷಣ ತನ್ನ ಖಾಲಿ ಕೈ ನೋಡಿಕೊಂಡ. "ಆಯ್ತು," ಎಂದು ಹೊರಗೆ ಹೋದ. ಅವಳು ಹೂವಿನ ಗ್ಲಾಸಿನಲ್ಲಿ ಚಹಾ ತಂದುಕೊಟ್ಟಳು. ಅವನು ಕುಡಿದು, ಅತಿಥಿಯ ಹಾಗೆ, "ಚೆನ್ನಾಗಿ ಉಂಟು," ಎಂದ.

ಆಮೇಲೆ ಅವನು ಅಡುಗೆಕೋಣೆಯ ಹೊಸ್ತಿಲು ದಾಟಲಿಲ್ಲ.

ರಿಝ್ವಾನನ ಫೋನ್ ಬಂದದ್ದು ಶುಕ್ರವಾರ, ಮಸೀದಿಯಿಂದ ಬಂದು ಉಂಡ ಮೇಲೆ. ರಿಝ್ವಾನ್ ಕೆಫೆಟೇರಿಯಾದಲ್ಲಿ ಅವನ ಪಾಲುದಾರ, ಒಂದೇ ಕೋಣೆಯಲ್ಲಿ ಮೇಲೆ ಕೆಳಗೆ ಮಂಚ ಹಾಕಿ ಮಲಗಿದವನು. ಉಸ್ಮಾನ್ ಅಂಗಳದಲ್ಲಿ ಅತ್ತಿತ್ತ ನಡೆಯುತ್ತ ಮಾತಾಡಿ, ಮೆಟ್ಟಿಲಿಗೆ ಬಂದು ಕುಳಿತ.

"ರಿಝ್ವಾನನಿಗೆ ಹಾರ್ಟಿನ ಆಪರೇಷನ್ ಅಂತೆ. ಅಂಗಡಿ ನೋಡ್ಲಿಕ್ಕೆ ಜನ ಇಲ್ಲ. ವೀಸಾ ಮಾಡಿಸ್ತೇನೆ, ಬರ್ತೀಯಾ ಅಂತ ಕೇಳ್ತಾನೆ."

ಹೇಳಿ ಅವನು ತಿರುಗಿ ಅವಳನ್ನು ನೋಡಿದ. ಈ ಸಲ ಪೂರ್ತಿ ತಿರುಗಿಯೇ ನೋಡಿದ.

ಜುಲೈಕಾ ಬೆಕ್ಕಿನ ಮೇಲೆ ಬಾಗಿದಳು. "ನೀವೆಂತ ಹೇಳಿದ್ರಿ?"

"ಆಲೋಚನೆ ಮಾಡಿ ಹೇಳ್ತೇನೆ ಅಂದೆ. ನೀನೆಂತ ಹೇಳ್ತಿ?"

ಹೋಗಬೇಡಿ. ಎಷ್ಟು ಸಣ್ಣ ಮಾತು. ಆದರೆ ಅವಳ ಬಾಯಿಗೆ ಅದರ ಅಭ್ಯಾಸವಿರಲಿಲ್ಲ. ಮದುವೆಯಾಗಿ ಅವನು ಮೊದಲ ಸಲ ಹೊರಟಾಗ ಅವಳು ಗೇಟಿನ ತನಕ ಓಡಿ, ಕಂಬಿ ಹಿಡಿದು ಅತ್ತಿದ್ದಳು. ಉಮ್ಮ ರಟ್ಟೆ ಹಿಡಿದು ಒಳಗೆಳೆದಿದ್ದರು. "ಕಡಲಾಚೆ ಹೋಗುವವನನ್ನು ಅತ್ತು ಕಳಿಸ್ತೀಯಾ? ಅವನ ಕಾಲು ಅಲ್ಲಿ ನೆಲೆ ನಿಲ್ಲೂದು ಹೇಗೆ?" ಅಂದಿನಿಂದ ಅವಳು ಅಳುವುದನ್ನು ಬಿಟ್ಟು ಪೆಟ್ಟಿಗೆ ಕಟ್ಟುವುದನ್ನು ಕಲಿತಳು. ಉಪ್ಪಿನಕಾಯಿ ಸೋರದ ಹಾಗೆ, ಹಪ್ಪಳ ಮುರಿಯದ ಹಾಗೆ, ಅವನ ಹೆಸರು ನಾಲ್ಕೂ ಬದಿಗೆ ಕಾಣುವ ಹಾಗೆ. ಜುಲೈಕಾ ಹಗ್ಗ ಬಿಗಿದ ಪೆಟ್ಟಿಗೆಯನ್ನು ವಿಮಾನದಿಂದ ಎಸೆದರೂ ಬಿಚ್ಚಲಿಕ್ಕಿಲ್ಲ ಎಂದು ನೆಂಟರೆಲ್ಲ ಹೇಳುತ್ತಿದ್ದರು. ಆ ಗಂಟುಗಳ ಒಳಗೆ ಏನು ಬಿಗಿದಿಟ್ಟಿದ್ದಾಳೆಂದು ಯಾರೂ ಕೇಳಿರಲಿಲ್ಲ.

ಅವನಿಗೆ ಇಲ್ಲಿ ಬೇಜಾರು ಬಂದಿರಬೇಕು ಎಂದುಕೊಂಡಳು. ಇಡೀ ದಿನ ಮೆಟ್ಟಿಲಲ್ಲಿ ಕೂರುವ ಗಂಡಸಿಗೆ ಬೇಜಾರಾಗದೆ ಇರುತ್ತದೆಯೇ?

"ನಿಮ್ಮ ಮನಸ್ಸು ಹೇಗೆ ಹೇಳ್ತದೋ ಹಾಗೆ," ಎಂದಳು.

ಮರುದಿನ ಬೆಳಿಗ್ಗೆ ಅವಳು ಕುರ್ಚಿ ಹತ್ತಿ ಅಟ್ಟದಿಂದ ರಟ್ಟಿನ ಪೆಟ್ಟಿಗೆಯನ್ನು ಎಳೆದಳು. ಯಾರೂ ಹೇಳಿರಲಿಲ್ಲ; ಅವನು ಹೋಗುತ್ತೇನೆ ಎಂದೂ ಹೇಳಿರಲಿಲ್ಲ. ಆ ಮನೆಯಲ್ಲಿ ಎದೆ ಭಾರವಾದಾಗ ಅವಳ ಕೈ ತಾನಾಗಿ ಹುಡುಕುವ ಕೆಲಸ ಅದೊಂದೇ. ಕೋಣೆಯೊಳಗಿದ್ದ ಉಸ್ಮಾನ್ ಆ ಸದ್ದು ಕೇಳಿದ. ಹಲಗೆಯ ಮೇಲೆ ರಟ್ಟು ಕರಕರ ಉಜ್ಜುವ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಅವನು ಫೋನಿನಲ್ಲಿ ಹೇಳುವುದು ಅವಳಿಗೆ ಕೇಳಿಸಿತು:

"ರಿಝ್ವಾನ್, ಬರ್ತೇನೆ. ನೀನು ಧೈರ್ಯದಲ್ಲಿ ಆಪರೇಷನ್‌ಗೆ ಹೋಗು."

ಅವಳು ಪೆಟ್ಟಿಗೆಯ ಧೂಳು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಪೆಟ್ಟಿಗೆಯನ್ನು ಸಿಟೌಟಿನಲ್ಲಿ ಇಟ್ಟದ್ದೇ ತಡ, ಕುಂಞಿ ಅದರೊಳಗೆ ಇಳಿದು ಮಲಗಿತು. ಎತ್ತಿ ಹೊರಗೆ ಬಿಟ್ಟರೆ ಅಂಗಳಕ್ಕೊಂದು ಸುತ್ತು ಹಾಕಿ ಮತ್ತೆ ಬಂದು ಮಲಗಿತು. ಗೇರುಬೀಜದ ಪೊಟ್ಟಣ ಇಟ್ಟರೆ ಪೊಟ್ಟಣದ ಮೇಲೆ, ಅವನ ಲುಂಗಿ ಮಡಚಿಟ್ಟರೆ ಲುಂಗಿಯ ಮೇಲೆ.

"ಇದಕ್ಕೂ ವೀಸಾ ಮಾಡಿಸ್ಬೇಕಾ?" ಉಸ್ಮಾನ್ ಕೇಳಿದ. ನಗಿಸಲೆಂದೇ ಕೇಳಿದ್ದು. ಇಬ್ಬರೂ ನಕ್ಕರು. ನಗು ಬೇಗ ಮುಗಿಯಿತು.

ಪ್ರೇಮಾವತಿ ಬೇಲಿಯ ಸಂದಿನಿಂದ ಹಲಸಿನ ಹಪ್ಪಳದ ಕಟ್ಟು ದಾಟಿಸಿದಳು. "ಇದನ್ನೂ ಹಾಕು. ಅಲ್ಲ ಜುಲೈಕಾ, ಎಂತ ಹೆಂಗಸು ಮಾರಾಯ್ತಿ ನೀನು? ನನ್ನ ಗಂಡ ಈ ಪ್ರಾಯದಲ್ಲಿ ಹೀಗೆ ಹೊರಟಿದ್ರೆ ಪಾಸ್‌ಪೋರ್ಟನ್ನು ಬಚ್ಚಲ ಒಲೆಗೆ ಹಾಕ್ತಿದ್ದೆ."

"ನಿಮ್ಮ ಗಂಡ ಎಲ್ಲಿಗೂ ಹೊರಡುದಿಲ್ಲ, ಅಕ್ಕ."

"ಅದೂ ಹೌದು. ಹೋಗು ಅಂದ್ರೂ ಹೋಗೂದಿಲ್ಲ, ಮೂರು ಹೊತ್ತು ಅಲ್ಲೇ ಬಿದ್ದಿರ್ತದೆ ಅದು," ಎಂದು ಪ್ರೇಮಾವತಿ ಹುಸಿಕೋಪದಲ್ಲಿ ಬಟ್ಟೆ ಕೊಡವಿದಳು. ಆ ಕೋಪದ ಸುಖವನ್ನು ಜುಲೈಕಾ ಬೇಲಿಯ ಈಚೆಯಿಂದ ನೋಡುತ್ತ ನಿಂತಳು.

ವೀಸಾ ಬಂತು. ಹೊರಡುವ ದಿನ ಸಂಜೆಯ ವಿಮಾನ. ಊಟದ ನಂತರ ಕಾರು ಬರುವುದೆಂದಾಗಿತ್ತು. ಎಲ್ಲವೂ ಪೆಟ್ಟಿಗೆಯೊಳಗೆ ಬಿದ್ದಿತ್ತು, ಹಗ್ಗ ಮಾತ್ರ ಬಾಕಿ. ಲುಂಗಿಯ ಮೇಲೆ ಕುಂಞಿ ನಿದ್ದೆ ಹೋಗಿತ್ತು, ಮುಂಗಾಲಿನಿಂದ ಮುಖ ಮುಚ್ಚಿಕೊಂಡು.

ಜುಲೈಕಾ ಹಗ್ಗ ಹಿಡಿದು ಪೆಟ್ಟಿಗೆಯ ಬದಿಯಲ್ಲಿ ಕುಳಿತಳು. ಬೆಕ್ಕನ್ನು ಎತ್ತಬೇಕು. ಎತ್ತಲು ಕೈ ಚಾಚಿದಳು. ಕೈ ಹಾಗೇ ನಿಂತಿತು.

"ನಿದ್ದೆ ಮಾಡ್ಲಿ ಬಿಡು," ಉಸ್ಮಾನ್ ಮೆಟ್ಟಿಲಿನಿಂದ ಹೇಳಿದ. ಹೊಸ ಅಂಗಿ ಹಾಕಿದ್ದ. ಮುಖ ಅತ್ತ ಗೇಟಿನ ಕಡೆಗಿತ್ತು. "ಒಂದು ಮಾತು ಹೇಳ್ತೇನೆ, ಬೇಸರ ಮಾಡ್ಬೇಡ. ಪ್ರತಿ ಸಲ ರಜೆ ಮುಗಿಯುವಾಗ ನೀನು ಈ ಪೆಟ್ಟಿಗೆ ಅಟ್ಟದಿಂದ ಎಳೀತಿದ್ದಿಯಲ್ಲ, ಆ ಸದ್ದು ಕೇಳಿದ್ರೆ ನನಗೆ ಅನ್ನ ಇಳೀತಿರಲಿಲ್ಲ. ಇವಳಿಗೆ ಸಾಕಾಯ್ತು, ನೆಂಟ ಹೊರಡ್ಲಿ ಅಂತ ಕಾಯ್ತಾಳೆ ಅಂತ ಅನಿಸ್ತಿತ್ತು. ಈ ಸಲ ನಾನು ಹೋಗ್ತೇನೆ ಅಂತ ಹೇಳಲೇ ಇಲ್ಲ. ಬೆಳಿಗ್ಗೆ ಏಳುವಾಗ ಸದ್ದು ಕೇಳಿತು. ಆಗ ಇನ್ನೆಂತ ಆಲೋಚನೆ ಮಾಡುದು ಅಂತ ರಿಝ್ವಾನನಿಗೆ ಮಾತು ಕೊಟ್ಟೆ."

ಜುಲೈಕಾಳ ಕೈಯಿಂದ ಹಗ್ಗ ಜಾರಿತು.

"ಸಾಕಾಯ್ತು ಅಂತವಾ?" ಅವಳ ಸ್ವರ ಅವಳಿಗೇ ಗುರುತು ಸಿಗಲಿಲ್ಲ. "ಅಳ್ಬಾರದು ಅಂತ ಉಮ್ಮ ಹೇಳಿದ್ರು. ಅತ್ರೆ ನಿಮಗೆ ಅಲ್ಲಿ ಒಳ್ಳೇದಾಗುದಿಲ್ಲ ಅಂತ. ಅಳುವ ಬದಲು ಕಟ್ಟಿದ್ದು ನಾನು. ಪ್ರತಿ ಗಂಟೂ."

ಅವನು ತಿರುಗಿದ.

"ನೀವು ಮೆಟ್ಟಿಲಲ್ಲಿ ಕೂರುದು ನೋಡಿ, ಇವರಿಗೆ ಇಲ್ಲಿ ಬೇಜಾರು ಅಂದ್ಕೊಂಡೆ ನಾನು."

"ಬೇಜಾರಾ? ಅಲ್ಲಿ ನಿಂತು ನಿಂತು, ನಿನ್ನ ಹತ್ರ ಸುಮ್ಮನೆ ಕೂತ್ಕೊಳ್ಳುದನ್ನೇ ನೆನೆಸ್ತಿದ್ದೆ ನಾನು. ಮಾತಾಡುದು ಕೂಡಾ ಅಲ್ಲ. ಕೂತ್ಕೊಳ್ಳುದು ಅಷ್ಟೆ."

ಮೂಡುಬಿದಿರೆ ಕಡೆಯ ಬಸ್ಸೊಂದು ಹಾರ್ನ್ ಹಾಕಿ ಹೋಯಿತು. ಕುಂಞಿಯ ಕಿವಿ ತಿರುಗಿ ಮತ್ತೆ ಮಲಗಿತು.

"ಹೋಗಬೇಡಿ," ಜುಲೈಕಾ ಹೇಳಿದಳು.

ಉಸ್ಮಾನ್ ಕಣ್ಣು ಮುಚ್ಚಿದ. ಬಹಳ ಹೊತ್ತು ಬಾಯಾರಿದವನು ಮೊದಲ ಗುಟುಕು ನುಂಗುವಾಗ ಮುಚ್ಚುವ ಹಾಗೆ.

"ಇನ್ನೊಮ್ಮೆ ಹೇಳು."

"ಹೋಗಬೇಡಿ."

ಅವನು ಅವಳ ಹತ್ತಿರ ಬಂದು, ಪೆಟ್ಟಿಗೆಯ ಈಚೆ ನೆಲದಲ್ಲೇ ಕುಳಿತ. ಒಳಗೆ ಮೈಮೂನಮ್ಮ ಇದ್ದಾರೆ, ಬೇಲಿಯಾಚೆ ಪ್ರೇಮಾವತಿ ಇರಬಹುದು. ಆದರೂ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಗ್ಗ ಎಳೆದೆಳೆದು ದಡ್ಡುಗಟ್ಟಿದ ಅವಳ ಬೆರಳನ್ನು, ಅಲ್ಲಿ ಏನೋ ಬರೆದಿರುವಂತೆ, ಹೆಬ್ಬೆರಳಿನಿಂದ ಸವರಿದ.

"ರಿಝ್ವಾನ್ ನಿನ್ನೆ ಆಸ್ಪತ್ರೆಗೆ ಸೇರಿಯಾಗಿದೆ, ಜುಲೈ. ನನ್ನನ್ನು ನಂಬಿ ಸೇರಿದ್ದಾನೆ. ನನಗೆ ಟೈಫಾಯ್ಡ್ ಬಂದಾಗ ಅವನು ನನ್ನ ವಾಂತಿ ತೊಳೆದವನು. ಈಗ ಬರುದಿಲ್ಲ ಅಂತ ಹೇಗೆ ಹೇಳ್ಲಿ?"

ಹೇಳಲಾಗದು ಎಂದು ಅವಳಿಗೂ ಗೊತ್ತಿತ್ತು. ಹೇಳುವ ಗಂಡಸಾಗಿದ್ದರೆ ಅವನು ಅವಳ ಉಸ್ಮಾನ್ ಆಗುತ್ತಿರಲಿಲ್ಲ. ರಿಝ್ವಾನ್ ಎದ್ದು ನಿಲ್ಲುವ ತನಕ, ಸ್ವಲ್ಪ ಸಮಯ ಅಷ್ಟೆ, ಆಮೇಲೆ ಒಂದು ದಿನವೂ ಅಲ್ಲಿ ನಿಲ್ಲದೆ ಬಂದೇ ಬರುತ್ತೇನೆ ಎಂದು ಉಸ್ಮಾನ್ ಹೇಳುತ್ತಿದ್ದ. ಗಲ್ಫಿನಲ್ಲಿ 'ಸ್ವಲ್ಪ ಸಮಯ' ಎಂದರೆ ಎಷ್ಟು ಸಮಯವೆಂದು ಇಬ್ಬರಿಗೂ ಗೊತ್ತಿತ್ತು. ಮೊದಲ ಸಲ ಹೋಗುವಾಗಲೂ ಅವನು ಹೇಳಿದ್ದು ಅದನ್ನೇ. ನಿನ್ನೆ ಈ ಮಾತಾಡಿದ್ದರೆ? ಆ ಶುಕ್ರವಾರವೇ ಆಡಿದ್ದರೆ? ಒಂದು ಪೆಟ್ಟಿಗೆಯ ಸದ್ದನ್ನು ಇಬ್ಬರೂ ಎರಡು ರೀತಿ ಕೇಳುತ್ತ ಪ್ರಾಯ ಕಳೆದಿದ್ದರು.

ಗೇಟಿನ ಹೊರಗೆ ಕಾರು ನಿಂತಿತು.

ಜುಲೈಕಾ ಕಣ್ಣೊರೆಸಿಕೊಂಡು ಬೆಕ್ಕಿನತ್ತ ಬಾಗಿದಳು. ಉಸ್ಮಾನ್ ತಡೆದ.

"ಬೇಡ. ಪೆಟ್ಟಿಗೆ ಇಲ್ಲೇ ಇರ್ಲಿ."

"ಇಷ್ಟೆಲ್ಲ ಮಾಡಿಟ್ಟದ್ದು? ಖಾಲಿ ಕೈಯಲ್ಲಿ ಹೋಗ್ತೀರಾ?"

"ಊರು ಬಿಟ್ಟು ಹೋಗುವವನು ಪೆಟ್ಟಿಗೆ ತಗೊಂಡು ಹೋಗುದು. ನನ್ನದು ಇಲ್ಲೇ ಉಂಟು." ಪೆಟ್ಟಿಗೆಯ ಬದಿಯಲ್ಲಿ ಅವಳು ಕಪ್ಪು ಮಾರ್ಕರಿನಲ್ಲಿ ದಪ್ಪಗೆ ಬರೆದಿದ್ದ ತನ್ನ ಹೆಸರನ್ನು ಅವನು ಬೆರಳಿನಿಂದ ತಟ್ಟಿದ. "ಅಟ್ಟಕ್ಕೆ ಹಾಕ್ಬೇಡ. ಕಟ್ಟಲೂ ಬೇಡ."

ಸಣ್ಣ ಕೈಚೀಲವನ್ನಷ್ಟೇ ಹಿಡಿದು ಅವನು ಅಂಗಳ ದಾಟಿದ. ಜುಲೈಕಾ ಗೇಟಿನ ತನಕ ಹೋದಳು. ಕಂಬಿ ಹಿಡಿದಳು. ಈ ಸಲ ತಡೆಯಲಿಲ್ಲ. ಅಳು ಬಂದದ್ದೆಲ್ಲ ಬಂತು, ಹಳೆಯ ಸಲಗಳದ್ದೂ ಸೇರಿ. ಕಾರಿನ ಹಿಂದಿನ ಗಾಜಿನಲ್ಲಿ ಅವನು ತಿರುಗಿ ಕುಳಿತು, ತಿರುವಿನ ತನಕ ಅವಳನ್ನೇ ನೋಡುತ್ತ ಹೋದ.

ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು. ಉಮ್ಮ ರಟ್ಟೆ ಹಿಡಿದು ಒಳಗೆಳೆಯಲು ಬಂದರೆಂದು ಜುಲೈಕಾ ಮೈ ಬಿಗಿಮಾಡಿಕೊಂಡಳು. ಮೈಮೂನಮ್ಮ ರಟ್ಟೆ ಹಿಡಿದದ್ದು ನಿಜ. ಆದರೆ ಎಳೆಯಲಿಲ್ಲ.

"ಎಲ್ಲ ಕೇಳಿಸಿತು ನನಗೆ," ಎಂದರು. ಆಮೇಲೆ, ರಸ್ತೆ ನೋಡುತ್ತ, "ಅಳು. ಪೂರ್ತಿ ಅತ್ತೇ ಒಳಗೆ ಬಾ. ನನ್ನ ಉಮ್ಮ ನನಗೆ ಹೇಳಿದ್ದನ್ನೇ ನಾನು ನಿನಗೆ ಹೇಳಿದ್ದು, ಮಗಳೇ. ಅದರಾಚೆ ನನಗೂ ಗೊತ್ತಿರಲಿಲ್ಲ."

ಪೆಟ್ಟಿಗೆ ಸಿಟೌಟಿನಲ್ಲೇ ಉಳಿಯಿತು. ಉಪ್ಪಿನಕಾಯಿ, ಹಪ್ಪಳ ಎಲ್ಲ ಒಳಗೆ ಹೋದವು. ಲುಂಗಿ ಮಾತ್ರ ಅಲ್ಲೇ ಇತ್ತು, ಮೇಲೆ ಕುಂಞಿ. ಒಂದು ಮೂಲೆಯ ರಟ್ಟನ್ನು ಅದು ಕಚ್ಚಿ ಕಚ್ಚಿ ಹರಿದಿತ್ತು. ಅವನ ಹೆಸರಿನ ಕೊನೆಯ ಅಕ್ಷರ ಹೋಗಿತ್ತು. ಜುಲೈಕಾ ಬೈಯಲಿಲ್ಲ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಉಸ್ಮಾನನ ಫೋನ್ ಬಂತು. ಅವನ ಹಿಂದೆ ಗ್ಲಾಸುಗಳ ಸದ್ದು, ಯಾರೋ ಪರೋಟ ಎಂದು ಕೂಗುವುದು. ರಿಝ್ವಾನ್ ಎದ್ದು ಕೂರುತ್ತಾನೆ, ನಡೆಯಲು ಇನ್ನೂ ಆಗುವುದಿಲ್ಲ ಎಂದ. ಬೆಕ್ಕನ್ನು ತೋರಿಸು ಎಂದ. ತೋರಿಸಿದಳು. ಕುಂಞಿ ಸ್ಕ್ರೀನನ್ನು ಮೂಸಿ, ನೆಕ್ಕದೆ, ಸುಮ್ಮನೆ ಮುಖ ತಿರುಗಿಸಿತು.

"ಅದಕ್ಕೆ ಈಗ ಫೋನಿನವನು ಬೇಡ," ಜುಲೈಕಾ ಹೇಳಿದಳು. "ನಿಜದವನನ್ನು ಕಂಡಾಯಿತಲ್ಲ."

ಅವನು ಫೋನನ್ನು ಮುಖದ ಹತ್ತಿರ ತಂದ. ಮತ್ತೆ ಕಣ್ಣು ಕಿರಿದು ಮಾಡಿ ನೋಡಿದ. "ಅಲ್ಲ, ನೀನು ಎಲ್ಲಿ ಕೂತಿದ್ದಿ? ಹಿಂದೆ ಕುರ್ಚಿ ಕಾಣ್ತದೆ."

"ಮೆಟ್ಟಿಲಲ್ಲಿ."

"ಅದು ನನ್ನ ಜಾಗ."

"ಹೌದು. ನೀವು ಬಂದ್ರೆ ಏಳ್ತೇನೆ."

"ಏಳ್ಬೇಡ. ಬದಿಗೆ ಸ್ವಲ್ಪ ಸರಿದ್ರೆ ಸಾಕು."

ಯಾರೋ ಅವನನ್ನು ಕರೆದರು. ಫೋನ್ ನಿಂತಿತು. ಜುಲೈಕಾ ಅದನ್ನು ಮಡಿಲಲ್ಲಿಟ್ಟು, ಚಪ್ಪಲಿಗಳನ್ನು ದೂರ ಮಾಡಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಬದಿಗೆ ಸರಿದಳು. ಖಾಲಿಯಾದ ಜಾಗದ ಮೇಲೆ ಅಂಗೈ ಇಟ್ಟಳು. ಪಡುವಣ ಬಿಸಿಲಿಗೆ ಕಲ್ಲು ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ.